ಒಳ್ಳೆಯ ಧಣಿಯ ಹೃದಯ

ಸಾಹಿತ್ಯ ಅಂದರೆ ಮನುಷ್ಯ ಹೃದಯದ ಶೋಧ ಅಂತ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟರು. ಹೃದಯಕ್ಕೆ ಜಾತಿಯಿಲ್ಲ, ದೇಶವಿಲ್ಲ, ಕಾಲವಿಲ್ಲ ಅಂದರು. ನಾನು ಬರೆದುಕೊಂಡೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೇಷ್ಟ್ರು ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಚಟ ಇತ್ತು. ಆ ಪಾಠದಲ್ಲೇ ಗಾಥಿಕ್ ಕಾದಂಬರಿಯ ಮಾತು ಬಂತು. ಹಾಳು ಕೋಟೆ, ನೆಲಮಾಳಿಗೆ, ದೆವ್ವ, ಸನ್ಯಾಸಿಯ ಗುಟ್ಟು ಇವೆಲ್ಲ ಹೊರಗಿನ ವೇಷ, ಒಳಗಿರುವುದು ಮನುಷ್ಯನ ಎದೆಯ ಕತ್ತಲು ಅಂತ ಟಿಪ್ಪಣಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಅಂಕವೂ ಬಂತು.

ಆ ಟಿಪ್ಪಣಿಯಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ಈಗ ಕೇಳಬೇಕಾಗಿದೆ. ಹೃದಯದ ಬಗ್ಗೆ ಬರೆದವನು ಉಣ್ಣುತ್ತಿದ್ದದ್ದು ಯಾರ ದುಡಿಮೆಯನ್ನು? ಹೀಗೆ ಕೇಳಿದರೆ ಕೆಲವು ವಿಮರ್ಶಕರಿಗೆ ಇರುಸುಮುರುಸಾಗುತ್ತದೆ. ಕೃತಿಯನ್ನು ನೋಡ್ರಪ್ಪ, ಬರೆದವನ ಅಡುಗೆಮನೆಯನ್ನು ಯಾಕೆ ಇಣುಕ್ತೀರಿ ಅನ್ನುತ್ತಾರೆ. ಆದರೆ ಕೃತಿಯೇ ನಮ್ಮ ಕೈ ಹಿಡಿದು ಆ ಅಡುಗೆಮನೆಗೆ ಕರೆದುಕೊಂಡು ಹೋದರೆ ಏನು ಮಾಡೋದು? ಇಂಗ್ಲೆಂಡಿನ ಮ್ಯಾಥ್ಯೂ ಗ್ರೆಗರಿ ಲೂಯಿಸ್ ಎಂಬುವನ ಒಂದು ಕಾದಂಬರಿ, ಒಂದು ನಾಟಕ, ಒಂದು ದಿನಚರಿ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಆಗುವುದು ಅದೇ.

ಮೊದಲು ಅವನ ಕಾಲದ ಬಗ್ಗೆ ಎರಡು ಮಾತು. ಇಂಗ್ಲಿಷಿನಲ್ಲಿ ಗಾಥಿಕ್ ಕಾದಂಬರಿ ಶುರುವಾದದ್ದು ಹೊರೇಸ್ ವಾಲ್‌ಪೋಲ್ 1764ರ ಕೊನೆಯಲ್ಲಿ ಪ್ರಕಟಿಸಿದ 'ದ ಕ್ಯಾಸಲ್ ಆಫ್ ಒಟ್ರಾಂಟೊ'ದಿಂದ. ಮೂವತ್ತು ವರ್ಷದ ಮೇಲೆ, 1794ರಲ್ಲಿ, ಆನ್ ರಾಡ್‌ಕ್ಲಿಫ್ 'ದ ಮಿಸ್ಟರೀಸ್ ಆಫ್ ಉಡಾಲ್ಫೊ' ಬರೆದಳು. ಅವಳ ದೆವ್ವಗಳು ಕೊನೆಗೆ ದೆವ್ವಗಳಾಗಿ ಉಳಿಯುವುದಿಲ್ಲ. ಗಾಳಿಯೋ, ಮೇಣದ ಗೊಂಬೆಯೋ, ಕಳ್ಳರ ಕೈವಾಡವೋ ಆಗಿ ಹೊರಬೀಳುತ್ತವೆ. ಅದನ್ನು ಓದಿ ಹುರುಪುಗೊಂಡ ಲೂಯಿಸ್, ಹೇಗ್ ನಗರದ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಕೂತು ಹತ್ತು ವಾರದಲ್ಲಿ 'ದ ಮಂಕ್' ಬರೆದು ಮುಗಿಸಿದ. ಆಗ ಅವನಿಗೆ 19 ವರ್ಷ. ಅವನ ದೆವ್ವ ನಿಜವಾದ ದೆವ್ವ, ಅವನ ಸೈತಾನ ನಿಜವಾದ ಸೈತಾನ. ಕಾದಂಬರಿ 1796ರಲ್ಲಿ ಅಚ್ಚಾಯಿತು. ಅದೇ ವರ್ಷ ಅವನು ಪಾರ್ಲಿಮೆಂಟ್ ಸದಸ್ಯನೂ ಆದ. ಎರಡನೇ ಮುದ್ರಣದಲ್ಲಿ ಹೆಸರಿನ ಜೊತೆ ಆ ಪದವಿಯನ್ನೂ ಹಾಕಿಸಿಕೊಂಡಾಗ ದೊಡ್ಡ ಗಲಾಟೆಯೇ ಎದ್ದಿತು. ಕಾನೂನು ಮಾಡುವವನು ಇಂಥ ಹೊಲಸು ಬರೆಯುವುದೇ ಅಂತ ಮರ್ಯಾದಸ್ಥರು ಕೂಗಾಡಿದರು. ಕವಿ ಕೋಲ್‌ರಿಜ್ ಅದನ್ನು ವಿಮರ್ಶಿಸುತ್ತ, ಬರೆದವನ ಪ್ರತಿಭೆಯನ್ನು ಒಪ್ಪಿ ಪುಸ್ತಕವನ್ನು ಖಂಡಿಸಿದ. 1798ರ ನಾಲ್ಕನೇ ಮುದ್ರಣದ ಹೊತ್ತಿಗೆ ಲೂಯಿಸ್ ತಾನೇ ಕತ್ತರಿ ಹಾಕಿಕೊಂಡ.

ಆದರೆ ಕಾನೂನು ಮಾಡುವವನು ಗುಲಾಮರ ದುಡಿಮೆಯಲ್ಲಿ ಬದುಕುವುದೇ ಅಂತ ಆ ಮರ್ಯಾದಸ್ಥರು ಕೂಗಾಡಲಿಲ್ಲ. ಲೂಯಿಸನ ತಂದೆ ಯುದ್ಧ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಜಮೈಕಾದಲ್ಲಿ ಅವರಿಗೆ ಕಬ್ಬಿನ ತೋಟಗಳಿದ್ದವು. ಹಾಗೆಂದರೆ ತೋಟದ ಜೊತೆ ನೂರಾರು ಜನ ಗುಲಾಮರೂ ಇದ್ದರು. ಲೂಯಿಸ್ ಗೆದ್ದುಬಂದ ಹಿಂಡನ್ ಕ್ಷೇತ್ರವನ್ನು ಅವನಿಗಿಂತ ಮುಂಚೆ ಪ್ರತಿನಿಧಿಸಿದ್ದವನು ವಿಲಿಯಂ ಬೆಕ್‌ಫರ್ಡ್, 'ವಾಥೆಕ್' ಎಂಬ ಇನ್ನೊಂದು ಭಯಾನಕ ಕಥೆ ಬರೆದವನು. ಅವನ ಭಾರಿ ಸಂಪತ್ತೂ ಜಮೈಕಾದ ಸಕ್ಕರೆಯದೇ. ಕೃತಿಗಳ ನೆಲಮಾಳಿಗೆ ಹುಡುಕುವ ವಿಮರ್ಶಕರು ಇದನ್ನೂ ಹುಡುಕಬೇಕು.

*

'ದ ಮಂಕ್' ಕಾದಂಬರಿಯ ಕಥೆ ನಡೆಯುವುದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ಆಂಬ್ರೋಸಿಯೊ ಎಂಬ ಸನ್ಯಾಸಿ. ಕೂಸಾಗಿದ್ದಾಗ ಮಠದ ಬಾಗಿಲಲ್ಲಿ ಸಿಕ್ಕವನು, ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದವನು. ಮಠದಲ್ಲೇ ಬೆಳೆದು ಮಠಾಧಿಪತಿಯಾಗುತ್ತಾನೆ. ಅವನ ಉಪದೇಶ ಕೇಳಲು ಊರಿಗೆ ಊರೇ ಇಗರ್ಜಿಗೆ ನುಗ್ಗುತ್ತದೆ. ಇಂಥ ಪುಣ್ಯಾತ್ಮ ಒಂದು ಹೆಣ್ಣಿನ ಬಲೆಗೆ ಬೀಳುತ್ತಾನೆ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಎಲ್ವಿರಾ ಎಂಬ ವಿಧವೆಯನ್ನು ಕೊಲ್ಲುತ್ತಾನೆ. ಅವಳ ಮಗಳು ಆಂಟೋನಿಯಾಳನ್ನು ನೆಲಮಾಳಿಗೆಯಲ್ಲಿ ಕೆಡಿಸಿ ಅವಳನ್ನೂ ಕೊಲ್ಲುತ್ತಾನೆ. ಕೊನೆಗೆ ಸೈತಾನನಿಗೆ ಆತ್ಮ ಮಾರಿಕೊಂಡಾಗ ಗೊತ್ತಾಗುತ್ತದೆ: ಕೊಂದದ್ದು ಹೆತ್ತ ತಾಯಿಯನ್ನು, ಕೆಡಿಸಿದ್ದು ಒಡಹುಟ್ಟಿದ ತಂಗಿಯನ್ನು.

ಇಷ್ಟು ಹೇಳಿ ಮನುಷ್ಯನ ಹೃದಯದ ಆಳದಲ್ಲಿ ಪಾಪವಿದೆ ಅಂತ ಮುಗಿಸಬಹುದು. ಹಾಗೇ ಮುಗಿಸುತ್ತಾರೆ. ಆದರೆ ಲೂಯಿಸ್ ಹಾಗೆ ಹೇಳಿಲ್ಲ. ಆಂಬ್ರೋಸಿಯೊ ಹುಟ್ಟಿನಿಂದ ಕೆಟ್ಟವನಲ್ಲ ಅಂತ ಅವನು ನಿಂತು ವಿವರಿಸುತ್ತಾನೆ. ಹುಡುಗನಿಗೆ ಧೈರ್ಯವಿತ್ತು, ಉದಾರ ಮನಸ್ಸಿತ್ತು, ಇನ್ನೊಬ್ಬರ ನೋವಿಗೆ ಕರಗುವ ಗುಣವಿತ್ತು. ಮಠದವರು ಆ ಗುಣಗಳನ್ನೆಲ್ಲ ಒತ್ತಿಹಾಕಿದರು. ನರಕದ ಭಯ ತುಂಬಿದರು. ಬೇರೆಯವರ ತಪ್ಪಿಗೆ ಕರುಣೆ ತೋರದಿರುವುದನ್ನು ಕಲಿಸಿದರು. ಮಠಕ್ಕೆ ಲಾಭ ತರುವ ಅಹಂಕಾರವನ್ನು ಮಾತ್ರ ಬೆಳೆಯಲು ಬಿಟ್ಟರು. ಈ ಪುಟಗಳಲ್ಲಿ ಲೂಯಿಸ್ ಹೇಳುತ್ತಿರುವುದು ಇಷ್ಟೆ: ಕತ್ತಲು ಎದೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಗೋಡೆ ಕಟ್ಟಿದವರು ಕತ್ತಲನ್ನೂ ಕಟ್ಟಿರುತ್ತಾರೆ.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. ಆ ಕೂಸು ಮಠದ ಬಾಗಿಲಿಗೆ ಬಂದದ್ದು ಹೇಗೆ? ಇದನ್ನು ಯಾವ ಮೇಷ್ಟ್ರೂ ನಮಗೆ ಒತ್ತಿ ಹೇಳಲಿಲ್ಲ. ಎಲ್ವಿರಾ ಕಾರ್ಡೊವಾ ಊರಿನ ಒಬ್ಬ ಜೋಡು ಹೊಲಿಯುವವನ ಮಗಳು. ಒಬ್ಬ ದೊಡ್ಡ ಜಮೀನುದಾರ ಕುಲೀನನ ಮಗ ಅವಳನ್ನು ಮೆಚ್ಚಿ ಗುಟ್ಟಾಗಿ ಮದುವೆಯಾಗುತ್ತಾನೆ. ಅಪ್ಪನಿಗೆ ತಿಳಿಯುತ್ತದೆ. ಗಂಡ ಹೆಂಡತಿ ರಾತ್ರೋರಾತ್ರಿ ಹಡಗು ಹತ್ತಿ ಇಂಡೀಸಿಗೆ ಓಡುತ್ತಾರೆ. ಆ ಅವಸರದಲ್ಲಿ ಎರಡು ವರ್ಷ ತುಂಬದ ಗಂಡುಮಗು ಹಿಂದೆ ಉಳಿಯುತ್ತದೆ. ಕುಲೀನ ತಂದೆ ಜೋಡು ಹೊಲಿಯುವ ಮುದುಕನನ್ನು ಸೆರೆಗೆ ಹಾಕಿಸಿ, ಮಗುವನ್ನು ಕಿತ್ತುಕೊಂಡು ಹೋಗುತ್ತಾನೆ. ಸ್ವಲ್ಪ ದಿನಕ್ಕೆ ಮಗು ಸತ್ತಿತು ಅಂತ ಸುದ್ದಿ ಬರುತ್ತದೆ. ಸತ್ತಿರಲಿಲ್ಲ. ಅವನೇ ಆಂಬ್ರೋಸಿಯೊ.

ಸ್ಪೇನಿನಲ್ಲಿ ಜೋಡು ಹೊಲಿಯುವವನು ಅಸ್ಪೃಶ್ಯನಲ್ಲ, ಅದನ್ನು ನಾನು ಬಲ್ಲೆ. ಅಲ್ಲಿನ ಕಥೆಯನ್ನು ಎಳೆದು ತಂದು ನಮ್ಮ ಕೇರಿಗೆ ಕಟ್ಟುವ ಆತುರ ಬೇಡ. ಆದರೆ ಅವನು ಕುಲೀನರ ಮನೆಗೆ ಸೊಸೆ ಕೊಡುವಷ್ಟು ಮೇಲಿನವನೂ ಅಲ್ಲ. ಆ ಒಂದು ಕುಲದ ಅಹಂಕಾರ ಇಡೀ ಕಾದಂಬರಿಯ ಬುನಾದಿ. ಮಗು ತಾಯಿಯ ಮಡಿಲಲ್ಲಿ ಬೆಳೆದಿದ್ದರೆ ತಾಯಿಯ ಮುಖ ಗುರುತು ಸಿಗುತ್ತಿತ್ತು, ತಂಗಿ ತಂಗಿಯಾಗಿರುತ್ತಿದ್ದಳು. ಸೈತಾನ ಬರುವುದು ಕೊನೆಯಲ್ಲಿ. ಅವನಿಗಿಂತ ಮುಂಚೆ ಆ ಮುದುಕ ಜಮೀನುದಾರ ಬಂದುಹೋಗಿರುತ್ತಾನೆ. 19 ವರ್ಷದ ಹುಡುಗ ಇದನ್ನು ಕಂಡಿದ್ದ. ಅದಕ್ಕೆ ಅವನನ್ನು ಮೆಚ್ಚಲೇಬೇಕು.

ಅವನ ಕಣ್ಣಿಗೆ ಕಾಣದೆ ಉಳಿದದ್ದೂ ಇದೆ. ಬಸುರಿಯಾದ ಸನ್ಯಾಸಿನಿ ಆಗ್ನೆಸಳನ್ನು ಮಠದ ಹಿರಿಯಳು ನೆಲಮಾಳಿಗೆಗೆ ದೂಡಿಸಿರುತ್ತಾಳೆ. ಅಲ್ಲೇ ಹೆತ್ತ ಕೂಸು ಸತ್ತರೂ ಅವಳು ಅದನ್ನು ಎದೆಗೆ ಅವುಚಿಕೊಂಡೇ ಇರುತ್ತಾಳೆ. ಹಿರಿಯಳ ಕ್ರೌರ್ಯ ಊರಿಗೆ ತಿಳಿದಾಗ ಜನ ದಂಗೆ ಏಳುತ್ತಾರೆ. ಅವಳನ್ನು ಬಡಿದು ಕೊಂದು ಮಠಕ್ಕೆ ಬೆಂಕಿ ಇಡುತ್ತಾರೆ. ಉರಿಯುವ ಗೋಡೆ ಅವರ ಮೇಲೇ ಬೀಳುತ್ತದೆ. ಫ್ರಾನ್ಸಿನ ಕ್ರಾಂತಿ ನಡೆದು ಐದಾರು ವರ್ಷವಾಗಿದ್ದ ಕಾಲ ಅದು. ಸನ್ಯಾಸಿಯ ಎದೆಯೊಳಗೆ ನೂರು ಪುಟ ಓಡಾಡುವ ಲೂಯಿಸ್, ದಂಗೆಯೆದ್ದ ಜನರಲ್ಲಿ ಒಬ್ಬನ ಎದೆಯೊಳಗೂ ಹೋಗುವುದಿಲ್ಲ. ಅವರಿಗೆ ಹೆಸರಿಲ್ಲ, ಮುಖವಿಲ್ಲ. ಜುಲುಮೆ ಕಂಡರೆ ಅವನಿಗೆ ಕೋಪ. ಜುಲುಮೆಯ ವಿರುದ್ಧ ಎದ್ದ ಜನ ಕಂಡರೆ ಭಯ. ಈ ಕೋಪ ಮತ್ತು ಈ ಭಯ ಎರಡೂ ಅವನನ್ನು ಜಮೈಕಾದ ತನಕ ಹಿಂಬಾಲಿಸಿದವು.

*

1797ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಲೂಯಿಸನ 'ದ ಕ್ಯಾಸಲ್ ಸ್ಪೆಕ್ಟರ್' ನಾಟಕ ಬಂತು. ಜನ ಮುಗಿಬಿದ್ದು ನೋಡಿದರು. ಹಳೆಯ ಕಾಲದ ವೇಲ್ಸ್ ದೇಶದ ಕೋಟೆ, ಅಣ್ಣನ ಆಸ್ತಿ ಕಬಳಿಸಿದ ತಮ್ಮ, ರಕ್ತದ ಕಲೆಯ ಸೀರೆಯಂಥ ಬಿಳಿ ಬಟ್ಟೆಯಲ್ಲಿ ಬರುವ ತಾಯಿಯ ಪ್ರೇತ. ಇದರ ನಡುವೆ ಹಸನ್ ಎಂಬ ಆಫ್ರಿಕಾದ ಗುಲಾಮ. ಆ ದುಷ್ಟ ಧಣಿಯ ಬಂಟ ಅವನು, ಹೇಳಿದ ಕೆಟ್ಟ ಕೆಲಸವನ್ನೆಲ್ಲ ಮಾಡುವವನು.

ಮಾಮೂಲಿ ನಾಟಕವಾಗಿದ್ದರೆ ಕರಿಯ ಬಂಟ ಕೆಟ್ಟವನಾಗಿರುವುದಕ್ಕೆ ಕಾರಣ ಕೇಳುತ್ತಿರಲಿಲ್ಲ. ಲೂಯಿಸ್ ಕೇಳಿದ. ಹಸನ್ ತನ್ನ ಸಂಗಡಿಗನಿಗೆ ತನ್ನ ಎದೆಯ ಕಥೆ ಹೇಳುತ್ತಾನೆ. ತಾನೂ ಒಂದು ಕಾಲಕ್ಕೆ ಮೃದುವಾಗಿದ್ದವನು, ಹೆಂಡತಿಯನ್ನು ಪ್ರಾಣದಂತೆ ಕಂಡವನು. ಬಿಳಿಯರು ಅವನನ್ನು ಹುಟ್ಟಿದ ನೆಲದಿಂದ ಕಿತ್ತು ಹಡಗಿಗೆ ತುಂಬಿದರು. ಅವನು ಹೆಂಡತಿಯ ಹೆಸರು ಹಿಡಿದು ಗೋಳಾಡಿದಾಗ ಅವರು ನಕ್ಕರು. ಕರಿಯನಿಗೂ ನೋಯುತ್ತದೆಯೇ ಅಂತ ಬೆರಗಾದರು. ಆಫ್ರಿಕಾದ ಕೊನೆಯ ದಡ ಕಣ್ಣಿಂದ ಮರೆಯಾದ ಗಳಿಗೆಯಲ್ಲಿ ಅವನು ತನ್ನೊಳಗಿನ ಕರುಣೆಯನ್ನು ಹೊರಗೆ ಹಾಕಿದ. ಅಂದಿನಿಂದ ಬಿಳಿಯರ ದುಃಖವೇ ಅವನಿಗೆ ಹಬ್ಬ.

ಇದು ಬರೀ ನಾಟಕದ ಮಾತಲ್ಲ. ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂಬ ಮಸೂದೆಯನ್ನು ಬ್ರಿಟಿಷ್ ಪಾರ್ಲಿಮೆಂಟ್ 1791ರಲ್ಲಿ ತಳ್ಳಿಹಾಕಿತ್ತು. ಆ ಸಿಟ್ಟಿಗೆ ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ ಜನ ಗುಲಾಮರು ಬೆಳೆದ ಸಕ್ಕರೆ ತಿನ್ನುವುದನ್ನೇ ಬಿಟ್ಟಿದ್ದರು. ಅದೇ ವರ್ಷ ಫ್ರೆಂಚರ ಸೇಂಟ್ ಡೊಮಿಂಗ್ ದ್ವೀಪದ ಗುಲಾಮರು ದಂಗೆ ಎದ್ದಿದ್ದರು. ಮುಂದೆ 1804ರಲ್ಲಿ ಅದು ಹೈಟಿ ಎಂಬ ಸ್ವತಂತ್ರ ದೇಶವಾಯಿತು. ಅಂಥ ಹೊತ್ತಿನಲ್ಲಿ ಲಂಡನ್ನಿನ ವೇದಿಕೆಯ ಮೇಲೆ ಒಬ್ಬ ಗುಲಾಮ ನಿಂತು, ನನ್ನ ಎದೆಯನ್ನು ಕಲ್ಲು ಮಾಡಿದವರು ನೀವು ಅಂತ ಹೇಳುತ್ತಾನೆ. ಬರೆದವನು ಗುಲಾಮರ ತೋಟದ ವಾರಸುದಾರ.

ಆದರೆ ಅದೇ ನಾಟಕ ಅಚ್ಚಾದಾಗ ಲೂಯಿಸ್ ಬರೆದ ಟಿಪ್ಪಣಿ ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಂತುಹೋಗುತ್ತದೆ. ಅಷ್ಟು ಹಳೆಯ ಕಾಲದ ವೇಲ್ಸಿನಲ್ಲಿ ಕರಿಯರು ಎಲ್ಲಿದ್ದರು ಅಂತ ಕೆಲವರು ಕೇಳಿದ್ದರು. ಅದಕ್ಕೆ ಅವನ ಉತ್ತರ: ವೇಷಭೂಷಣದಲ್ಲಿ ಬದಲಾವಣೆ ಇರಲಿ ಅಂತ ಕರಿಯರನ್ನು ತಂದೆ, ನಾಯಕಿಗೆ ನೀಲಿ ಬಳಿದರೆ ಅಷ್ಟೇ ಪರಿಣಾಮ ಬರುತ್ತಿತ್ತು ಅನ್ನುವುದಾದರೆ ಅವಳಿಗೂ ನೀಲಿ ಬಳಿಯುತ್ತಿದ್ದೆ. ತಾನೇ ಹೇಳಿಸಿದ ಸತ್ಯವನ್ನು ತಾನೇ ಬಣ್ಣದ ಮಾತು ಮಾಡಿಬಿಟ್ಟ. ಹಸನನ ಎದೆಯ ಗಾಯ ಅವನಿಗೆ ಗೊತ್ತಿತ್ತು. ಅದರ ಹೊಣೆ ಬೇಕಿರಲಿಲ್ಲ.

*

1812ರಲ್ಲಿ ತಂದೆ ಸತ್ತ. ತೋಟಗಳು ಮಗನ ಪಾಲಿಗೆ ಬಂದವು. 1815ರ ನವೆಂಬರಿನಲ್ಲಿ ಹಡಗು ಹತ್ತಿದ ಲೂಯಿಸ್ 1816ರ ಜನವರಿ 1ರಂದು ಜಮೈಕಾ ತಲುಪಿದ. ಅಲ್ಲಿ ಬರೆದ ದಿನಚರಿ ಅವನು ಸತ್ತ ಮೇಲೆ, 1834ರಲ್ಲಿ, 'ಜರ್ನಲ್ ಆಫ್ ಎ ವೆಸ್ಟ್ ಇಂಡಿಯಾ ಪ್ರೊಪ್ರೈಟರ್' ಅಂತ ಪ್ರಕಟವಾಯಿತು. ನನ್ನ ದೃಷ್ಟಿಯಲ್ಲಿ ಅವನು ಬರೆದ ನಿಜವಾದ ಗಾಥಿಕ್ ಕೃತಿ ಇದೇ. ಇದರಲ್ಲಿ ಕೋಟೆಯ ಒಡೆಯ ತಾನೇ.

ಶುರುವಿನಲ್ಲೇ ಒಂದು ಪ್ರಸಂಗ ಬರುತ್ತದೆ. ದಡದ ಊರಿನ ವಸತಿಗೃಹದಲ್ಲಿ ಇಳಿದಿದ್ದಾನೆ. ಬೆಳಿಗ್ಗೆ ಚೊಕ್ಕಟವಾಗಿ ಬಟ್ಟೆ ತೊಟ್ಟ ಒಬ್ಬ ಕರಿಯ ಹುಡುಗ ನೀರು, ಟವೆಲು ಹಿಡಿದು ನಿಂತಿದ್ದಾನೆ. ವಸತಿಗೃಹದ ಆಳು ಅಂದುಕೊಂಡು ಲೂಯಿಸ್ ಗಮನಿಸುವುದಿಲ್ಲ. ಕೊನೆಗೆ ಹುಡುಗನೇ ಗುರುತು ಹೇಳಿಕೊಳ್ಳುತ್ತಾನೆ: ಧಣಿಗೆ ನನ್ನ ಗುರುತು ಸಿಗಲಿಲ್ಲ, ನಾನು ನಿಮ್ಮ ಗುಲಾಮ. ಆ ಮಾತು ಕೇಳಿ ಲೂಯಿಸನ ಎದೆಗೆ ಚುಚ್ಚಿದಂತಾಗುತ್ತದೆ. ಹಾಗಂತ ಬರೆದುಕೊಳ್ಳುತ್ತಾನೆ. ಹುಡುಗನ ಮುಖದಲ್ಲಿ ನಗುವಿದೆ. ಆದರೂ ಆ ಶಬ್ದ ಧಣಿಗೆ ಅವಮಾನ ಅನ್ನಿಸುತ್ತದೆ. ನನ್ನ ನೀಗ್ರೊ ಅಂತ ಬೇಕಾದರೆ ಹೇಳಿಕೊ, ಗುಲಾಮ ಅಂತ ಮಾತ್ರ ಅನ್ನಬೇಡ ಅಂತ ಅವನಿಗೆ ಹೇಳಬೇಕೆನಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ದಿನಚರಿ, ಯಾಕೆ, ಇಡೀ ಲೂಯಿಸ್ ಈ ಒಂದು ಗಳಿಗೆಯಲ್ಲಿದ್ದಾನೆ. ಚುಚ್ಚಿದ್ದು ಸುಳ್ಳಲ್ಲ. ಅವನು ನಾಟಕ ಆಡುತ್ತಿಲ್ಲ. ಹುಡುಗ ಗುಲಾಮನಾಗಿರುವುದರ ಬಗ್ಗೆ ಅವನ ಎದೆಯಲ್ಲಿ ನೋವಿದೆ. ಆದರೆ ಆ ನೋವಿಗೆ ಅವನು ಹುಡುಕಿಕೊಳ್ಳುವ ಮದ್ದು ಶಬ್ದ ಬದಲಾಯಿಸುವುದು. ‘ನನ್ನ’ ಅನ್ನುವುದು ಉಳಿಯಬೇಕು, ‘ಗುಲಾಮ’ ಅನ್ನುವುದು ಹೋಗಬೇಕು. ಬಿಡುಗಡೆ ಆದದ್ದು ಹುಡುಗನಿಗಲ್ಲ, ಧಣಿಯ ಕಿವಿಗೆ. ಹೆಸರು ಬದಲಾಯಿಸಿ ಸ್ಥಿತಿಯನ್ನು ಹಾಗೇ ಬಿಡುವ ಆಟ ನಮಗೇನೂ ಹೊಸದಲ್ಲ.

ಲೂಯಿಸನನ್ನು ಖಳನಾಯಕ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಅದು ನ್ಯಾಯವಲ್ಲ. ಕಾರ್ನ್‌ವಾಲ್ ಎಂಬ ತನ್ನ ತೋಟದಲ್ಲಿ ಅವನು ಚಾಟಿ ನಿಲ್ಲಿಸಿದ. ಗುಲಾಮರ ದೂರುಗಳನ್ನು ಕೂತು ಕೇಳಿದ. ರಜೆ ಹೆಚ್ಚಿಸಿದ. ಸುತ್ತಲಿನ ಬಿಳಿ ತೋಟದವರು ಇವನು ಆಳುಗಳನ್ನು ಕೆಡಿಸುತ್ತಾನೆ ಅಂತ ಹಲ್ಲು ಕಡಿದರು. ಬೇರೆ ಧಣಿಗಳ ಪಕ್ಕದಲ್ಲಿ ನಿಲ್ಲಿಸಿದರೆ ಅವನು ಒಳ್ಳೆಯವನೇ.

ಆ ಒಳ್ಳೆಯತನದ ಲೆಕ್ಕವನ್ನೂ ನೋಡಬೇಕು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿತ್ತು. ಆಫ್ರಿಕಾದಿಂದ ಹೊಸ ಆಳು ತರುವಂತಿಲ್ಲ. ಇರುವವರು ಸಾಯುತ್ತಿದ್ದಾರೆ, ಹುಟ್ಟುವವರು ಕಡಿಮೆ. ತೋಟ ಉಳಿಯಬೇಕಾದರೆ ಗುಲಾಮ ಹೆಂಗಸರು ಹೆರಬೇಕು. ಲೂಯಿಸ್ ಬಾಣಂತಿಯರಿಗೆ ಹಣ ಕೊಡುವ ಏರ್ಪಾಡು ಮಾಡಿದ: ಹದಿನಾಲ್ಕನೆಯ ದಿನ ಕೂಸನ್ನು ಜೀವಂತವಾಗಿ ತಂದು ತೋರಿಸಿದರೆ ಒಂದು ಡಾಲರ್. ಹೆತ್ತವಳಿಗೆ ಕೆಂಪು ನಡುಪಟ್ಟಿ, ಅದರ ನಡುವೆ ಬೆಳ್ಳಿಯ ಪದಕ. ಹಬ್ಬದ ದಿನ ಕಟ್ಟಿಕೊಂಡರೆ ಅವಳಿಗೆ ವಿಶೇಷ ಮರ್ಯಾದೆ. ಆದರೂ ಹೆರಿಗೆ ಹೆಚ್ಚಲಿಲ್ಲ. ಯಾಕೆ ಅಂತ ಯೋಚಿಸುತ್ತ ಅವನು ಒಂದು ಹೋಲಿಕೆ ಕೊಡುತ್ತಾನೆ: ಹಡಗಿನಲ್ಲಿ ಸಾಗಿಸುವ ಕೋಳಿಗಳು ಆ ಜಾಗ ಒಗ್ಗದೆ ಮೊಟ್ಟೆ ಇಡುವುದಿಲ್ಲವಲ್ಲ, ಹಾಗೆ ಇದು.

ಆಗ್ನೆಸಳ ಸತ್ತ ಕೂಸಿಗಾಗಿ ಓದುಗರನ್ನು ಅಳಿಸಿದ ಲೇಖಕನೇ ಇವನು. ಕಲ್ಪನೆಯ ತಾಯಿಯ ಎದೆ ಅವನಿಗೆ ಕಾಣುತ್ತದೆ. ಎದುರಿಗೆ ನಿಂತ ತಾಯಿ ಕೋಳಿಯಾಗಿ ಕಾಣುತ್ತಾಳೆ. ಹಾಗಿದ್ದೂ, ಪಾಪ, ತನಗರಿಯದೆ ಸತ್ಯವನ್ನೇ ಹೇಳಿಬಿಟ್ಟಿದ್ದಾನೆ. ಆ ಜಾಗ ಅವರಿಗೆ ಒಗ್ಗಿರಲಿಲ್ಲ. ಗುಲಾಮಗಿರಿಗೆ ಮಗು ಹೆತ್ತು ಕೊಡಲು ಯಾವ ಎದೆ ಒಪ್ಪೀತು?

ಇನ್ನೊಬ್ಬ, ನಿಕೋಲಸ್. ತೋಟದ ಗುಲಾಮ, ಬಿಳಿಯನೊಬ್ಬನಿಗೆ ಹುಟ್ಟಿದವನು. ಆ ತಂದೆ ಸಾಯುವಾಗ ತನ್ನ ವಾರಸುದಾರನಿಗೆ, ಈ ಮಗನನ್ನು ಹಣ ಕೊಟ್ಟು ಬಿಡಿಸು ಅಂತ ಹೇಳಿ ಸತ್ತ. ವಾರಸುದಾರ ಮಾತು ಕೊಟ್ಟ. ಲೂಯಿಸನೂ ಒಪ್ಪಿದ. ಬಾಕಿ ಇದ್ದದ್ದು ಒಂದೇ: ನಿಕೋಲಸ್ ಜಾಗಕ್ಕೆ ಬದಲಿ ಆಳು. ಅಷ್ಟರಲ್ಲಿ ಆ ವಾರಸುದಾರ ಕತ್ತು ಮುರಿದುಕೊಂಡು ಸತ್ತ. ಆಸ್ತಿ ಇನ್ಯಾರಿಗೋ ಹೋಯಿತು. ನಿಕೋಲಸ್ ಇದ್ದಲ್ಲೇ ಉಳಿದ. ಲೂಯಿಸ್ ಇದನ್ನು ಮರುಕದಿಂದಲೇ ಬರೆಯುತ್ತಾನೆ. ಒಬ್ಬ ಹೊರಗೆ ಹೋಗಬೇಕಾದರೆ ಇನ್ನೊಬ್ಬನ ಮೈ ಒಳಗೆ ಬರಬೇಕು ಅನ್ನುವ ಈ ವ್ಯವಸ್ಥೆಗಿಂತ ಭಯಾನಕವಾದ ನೆಲಮಾಳಿಗೆ 'ದ ಮಂಕ್'ನಲ್ಲಿ ಇಲ್ಲ. ಆದರೆ ಅವನಿಗೆ ಅದು ನೆಲಮಾಳಿಗೆ ಅನ್ನಿಸಲಿಲ್ಲ. ಆಸ್ತಿ ವ್ಯವಹಾರ ಅನ್ನಿಸಿತು.

ಈ ಪುಟಗಳನ್ನು ಓದುವಾಗ ನನಗೆ ನಮ್ಮಜ್ಜಿ ನೆನಪಾದಳು. ನಮ್ಮ ತಾತ ಜೀತಕ್ಕಿದ್ದವನು. ಜೀತ ರದ್ದು ಮಾಡುವ ಕಾನೂನು 1976ರಲ್ಲಿ ಬಂದ ಮೇಲೂ ಸ್ವಲ್ಪ ಕಾಲ ಆ ಮನೆಯಲ್ಲೇ ಇದ್ದ. ಯಾಕಜ್ಜಿ ಬಿಟ್ಟು ಬರಲಿಲ್ಲ ಅಂತ ಕೇಳಿದರೆ ಅಜ್ಜಿ ಹೇಳುತ್ತಿದ್ದಳು: "ಬುದ್ಧ್ಯೋರು ಒಳ್ಳೇರು ಕಣಪ್ಪ. ಒಂದಿನ ಕೈ ಎತ್ನಿಲ್ಲ. ಹಬ್ಬಕ್ಕೆ ಪಂಚೆ ಕೊಡೋರು. ಅಂಥೋರ ಬಾಗ್ಲು ಬುಟ್ಟು ಹೆಂಗ್ ಬರದು?" ಕೆಟ್ಟ ಧಣಿಯ ಮನೆಯಿಂದ ಓಡಿಬಂದವರ ಕಥೆಗಳು ನಮ್ಮ ಕೇರಿಯಲ್ಲಿ ಇವೆ. ಒಳ್ಳೆಯ ಧಣಿಯ ಮನೆಯಿಂದ ಓಡಿಬಂದವರ ಕಥೆ ಒಂದೂ ಇಲ್ಲ. ಚಾಟಿಗಿಂತ ಪಂಚೆ ಗಟ್ಟಿಯಾದ ಹಗ್ಗ ಅಂತ ನನಗೆ ತಿಳಿದದ್ದು ಅಜ್ಜಿಯಿಂದ. ಅದನ್ನು ತಿಳಿದಿದ್ದರಿಂದಲೇ ಲೂಯಿಸನನ್ನು ಓದಲು ಬಂತು.

*

ಲೂಯಿಸ್ ಜಮೈಕಾದಲ್ಲಿದ್ದಾಗಲೇ, 1816ರ ಮಾರ್ಚಿನಲ್ಲಿ, ಪಕ್ಕದ ಸೇಂಟ್ ಎಲಿಜಬೆತ್ ಪ್ರಾಂತ್ಯದಲ್ಲಿ ಗುಲಾಮರ ಸಂಚೊಂದು ಬಯಲಾಯಿತು. ಸಂಚಿನವರು ಹಾಡುತ್ತಿದ್ದ ಹಾಡನ್ನು ಅವನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸನ ಹೆಸರು ಅದರಲ್ಲಿದೆ. ಸಾಗರದಾಚೆ ಯಾರು ತಮ್ಮ ಪರವಾಗಿ ಮಾತಾಡುತ್ತಿದ್ದಾರೆ ಅನ್ನುವುದು ಓದುಬರಹ ಇಲ್ಲದ ಆ ಜನಕ್ಕೆ ಗೊತ್ತಿತ್ತು. ಅವರು ಕೇಳಿದ್ದು ಒಳ್ಳೆಯ ಧಣಿಯನ್ನಲ್ಲ. ಧಣಿಯೇ ಇಲ್ಲದ ಬದುಕನ್ನು.

ಲೂಯಿಸನ ನಿಲುವು ಏನು? ಕರುಣೆಯುಳ್ಳ ಯಾರೇ ಆದರೂ ಗುಲಾಮಗಿರಿ ಹುಟ್ಟಲೇಬಾರದಿತ್ತು ಅಂತ ಬಯಸುತ್ತಾರೆ. ಆದರೆ ಅದು ಬ್ರಿಟನ್ನಿನ, ಜಮೈಕಾದ ಹಿತದೊಳಗೆ ಎಷ್ಟು ಬೆರೆತುಹೋಗಿದೆಯೆಂದರೆ ಈಗ ಕಿತ್ತರೆ ಇನ್ನೂ ದೊಡ್ಡ ಅನಾಹುತ. ಇದು ಅವನ ವಾದದ ಸಾರ. ಈ ವಾಕ್ಯದ ಮೊದಲರ್ಧ ಹೃದಯದ್ದು, ಎರಡನೇ ಅರ್ಧ ಲೆಕ್ಕದ ಪುಸ್ತಕದ್ದು. ‘ಆದರೆ’ ಅನ್ನುವ ಆ ಸಣ್ಣ ಪದದ ಮೇಲೆ ನೂರಾರು ಜನರ ಜೀವ ನಿಂತಿತ್ತು.

ಅದೇ ವರ್ಷ ಆಗಸ್ಟಿನಲ್ಲಿ ಅವನು ಸ್ವಿಟ್ಜರ್‌ಲೆಂಡಿನಲ್ಲಿ ಕವಿ ಬೈರನ್ನನ ಮನೆಗೆ ಹೋದ. ಅಲ್ಲಿ ದೆವ್ವದ ಕಥೆ ಹೇಳಿ ರಂಜಿಸಿದ. ಅಲ್ಲೇ ತನ್ನ ಉಯಿಲಿಗೆ ಒಂದು ಷರತ್ತು ಸೇರಿಸಿದ: ತನ್ನ ತೋಟಗಳಿಗೆ ವಾರಸುದಾರರಾಗುವವರು ಮೂರು ವರ್ಷಕ್ಕೊಮ್ಮೆ ಜಮೈಕಾಕ್ಕೆ ಹೋಗಿ ಮೂರು ತಿಂಗಳಿದ್ದು ಗುಲಾಮರ ಕ್ಷೇಮ ನೋಡಿಕೊಳ್ಳಬೇಕು. ಸಾಕ್ಷಿ ಹಾಕಿದವರು ಬೈರನ್, ಶೆಲ್ಲಿ, ಪೊಲಿಡೊರಿ. ಸ್ವಾತಂತ್ರ್ಯದ ಬಗ್ಗೆ ಬರೆದು ಹೆಸರಾದ ಇಬ್ಬರು ಕವಿಗಳು ಗುಲಾಮರ ಆಸ್ತಿಪತ್ರಕ್ಕೆ ಸಹಿ ಹಾಕಿದರು. ಕ್ಷೇಮ ನೋಡಿಕೊಳ್ಳಿ ಅಂತ ಇದೆ, ಬಿಟ್ಟುಬಿಡಿ ಅಂತ ಇಲ್ಲ. ಅದೇ ಬೇಸಿಗೆಯಲ್ಲಿ ಅದೇ ಸರೋವರದ ದಡದಲ್ಲಿ ಹದಿನೆಂಟು ವರ್ಷದ ಮೇರಿ 'ಫ್ರಾಂಕೆನ್‌ಸ್ಟೈನ್' ಬರೆಯಲು ಶುರುಮಾಡಿದ್ದಳು. ಹುಟ್ಟಿಸಿದವನೇ ಕೈಬಿಟ್ಟಾಗ, ಕಂಡವರೆಲ್ಲ ಹೇಸಿದಾಗ, ಮೃದುವಾಗಿದ್ದ ಒಂದು ಜೀವ ದ್ವೇಷವಾಗಿ ತಿರುಗುವ ಕಥೆ ಅದು. ಹಸನನ ಕಥೆಯ ಎಳೆಯನ್ನು ಅವಳು ಬಣ್ಣದ ಮಾತಾಗಿ ಬಿಡಲಿಲ್ಲ. ಆ ಜೀವದ ಬಾಯಿಗೇ ಕಥೆ ಕೊಟ್ಟಳು.

ಲೂಯಿಸ್ 1818ರಲ್ಲಿ ಮತ್ತೆ ಜಮೈಕಾಕ್ಕೆ ಹೋದ. ದ್ವೀಪದ ಇನ್ನೊಂದು ತುದಿಯಲ್ಲಿದ್ದ ಹಾರ್ಡ್ಲಿ ತೋಟವನ್ನು ಮೊದಲ ಸಲ ಕಂಡ. ಎಲ್ಲ ಚೆನ್ನಾಗಿದೆ ಅಂತ ಪಾರುಪತ್ತೇಗಾರರು ಬರೆಯುತ್ತಿದ್ದರು. ಸ್ವರ್ಗ ಅಂದುಕೊಂಡು ಹೋದವನಿಗೆ ಸಿಕ್ಕಿದ್ದು ನರಕ. ಒಡೆಯ ಎಷ್ಟೇ ಒಳ್ಳೆಯವನಾಗಲಿ, ಅವನು ಊರಲ್ಲಿಲ್ಲದಾಗ ಗುಲಾಮನ ಬೆನ್ನು ಯಾರ ಕೈಯಲ್ಲಿರುತ್ತದೆ ಅನ್ನುವುದಕ್ಕೆ ಅವನ ಆಸ್ತಿಯೇ ಸಾಕ್ಷಿ ಹೇಳಿತು. ಅದೇ ಮೇ ತಿಂಗಳಲ್ಲಿ ವಾಪಸು ಬರುವಾಗ ಹಳದಿ ಜ್ವರದಿಂದ ಹಡಗಿನಲ್ಲೇ ಸತ್ತ. ಶವಪೆಟ್ಟಿಗೆಯನ್ನು ಸಮುದ್ರಕ್ಕೆ ಇಳಿಸಿದಾಗ ಕಟ್ಟಿದ್ದ ಭಾರ ಕಳಚಿ, ಹೊದಿಸಿದ ಬಟ್ಟೆಗೆ ಗಾಳಿ ತುಂಬಿ, ಪೆಟ್ಟಿಗೆ ಜಮೈಕಾದ ಕಡೆಗೇ ತೇಲುತ್ತ ಹೋಯಿತು ಅಂತ ಹೇಳುತ್ತಾರೆ. ನಿಜವೋ ಸುಳ್ಳೋ, ಅವನಿಗೆ ತಕ್ಕ ಕಥೆ.

ಬಿಡುಗಡೆ ಬಂದದ್ದು ಅವನ ಉಯಿಲಿನಿಂದಲ್ಲ. 1831ರ ಡಿಸೆಂಬರ್ ಕೊನೆಯಲ್ಲಿ ಪಶ್ಚಿಮ ಜಮೈಕಾದಲ್ಲಿ, ಲೂಯಿಸನ ಕಾರ್ನ್‌ವಾಲ್ ತೋಟ ಇದ್ದ ಭಾಗದಲ್ಲೇ, ಸಾವಿರಾರು ಗುಲಾಮರು ಕೆಲಸ ನಿಲ್ಲಿಸಿ ಎದ್ದರು. ಮುಂದಾಳು ಸ್ಯಾಮ್ ಶಾರ್ಪ್, ಅವನೂ ಗುಲಾಮನೇ. 1832ರ ಮೇ ತಿಂಗಳಲ್ಲಿ ಅವನನ್ನು ಮಾಂಟೆಗೊ ಬೇಯಲ್ಲಿ ಗಲ್ಲಿಗೇರಿಸಿದರು. ಮರುವರ್ಷ, 1833ರಲ್ಲಿ, ಗುಲಾಮಗಿರಿ ರದ್ದು ಮಾಡುವ ಕಾನೂನು ಬಂತು. 1834ರ ಆಗಸ್ಟ್ 1ರಿಂದ ಜಾರಿಯಾದರೂ ‘ತರಬೇತಿ’ ಅನ್ನುವ ಹೆಸರಿನಲ್ಲಿ 1838ರವರೆಗೆ ಬಿಟ್ಟಿ ದುಡಿಸಿಕೊಂಡರು. ಇಲ್ಲೂ ಅದೇ ಶಬ್ದದ ಆಟ. ಜಮೈಕಾದಲ್ಲಿ ಬಿಡುಗಡೆಯಾದವರು ಮೂರು ಲಕ್ಷಕ್ಕೂ ಹೆಚ್ಚು. ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಧಣಿಗಳಿಗೆ. ಅದಕ್ಕಾಗಿ ಎತ್ತಿದ ಸಾಲದ ಬಾಕಿ ತೀರಿದ್ದು 2015ರಲ್ಲಿ. ದುಡಿದು ಸತ್ತವರಿಗೆ, ಅವರ ಮಕ್ಕಳಿಗೆ ಒಂದು ಪೆನ್ನಿಯೂ ಇಲ್ಲ.

1873ರಲ್ಲಿ ಜೋತಿರಾವ್ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು, ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಲು ಹೋರಾಡಿದ ಅಮೆರಿಕದ ಜನರಿಗೆ. ಪುಣೆಯಲ್ಲಿ ಕೂತ ಅವರಿಗೆ ಸಮುದ್ರದಾಚೆಯ ಎದೆಯ ನೋವು ತಿಳಿಯಿತು. ಅವರು ಹುಡುಗನಿಗೆ ಬೇರೆ ಹೆಸರಿಟ್ಟುಕೊ ಅನ್ನಲಿಲ್ಲ. ಗುಲಾಮಗಿರಿಯನ್ನು ಗುಲಾಮಗಿರಿ ಅಂತಲೇ ಕರೆದರು. ಲೂಯಿಸನಿಗೂ ಫುಲೆಯವರಿಗೂ ಇರುವ ದೂರ ಹೃದಯದ ಮೃದುತ್ವದ್ದಲ್ಲ. ನಿಂತ ಜಾಗದ್ದು.

ಆದ್ದರಿಂದ ಗೆಳೆಯರೇ, 'ದ ಮಂಕ್' ಓದಬೇಡಿ ಅಂತ ನಾನು ಹೇಳುತ್ತಿಲ್ಲ. ಓದಿ. ನಿಮ್ಮ ವಿದ್ಯಾರ್ಥಿಗಳಿಗೆ ಪಾಠ ಮಾಡಿ. ಕತ್ತಲನ್ನು ಗೋಡೆಗಳೇ ಹುಟ್ಟಿಸುತ್ತವೆ ಅನ್ನುವ ಮಾತನ್ನು ಅವನಷ್ಟು ಬಲವಾಗಿ ಹೇಳಿದವರು ಆ ಕಾಲದಲ್ಲಿ ಕಡಿಮೆ. ಆದರೆ ಓದಿ ಮುಗಿಸಿದ ಮೇಲೆ ನೀರು ಟವೆಲು ಹಿಡಿದು ನಿಂತ ಆ ಹುಡುಗನನ್ನೂ ಮಕ್ಕಳಿಗೆ ತೋರಿಸಿ. ದಿನಚರಿಯಲ್ಲಿ ಧಣಿಯ ಎದೆಗೆ ಚುಚ್ಚಿದ್ದು ದಾಖಲಾಗಿದೆ. ನಗುತ್ತ ನಿಂತ ಆ ಹುಡುಗನ ಎದೆಯಲ್ಲಿ ಏನಿತ್ತು ಅನ್ನುವುದು ದಾಖಲಾಗಿಲ್ಲ. ಮನುಷ್ಯ ಹೃದಯದ ಶೋಧ ಅಂತ ನಮಗೆ ಬರೆಸಿದ ಟಿಪ್ಪಣಿಯಲ್ಲಿ ಖಾಲಿ ಬಿಟ್ಟಿರುವ ಜಾಗ ಅದೇ. ಆ ಜಾಗದಲ್ಲಿ ಬರೆಯಬೇಕಾದವರು ನಾವು.